ಖಂಡೇಪೂಜಿಯ ವೈರು

ನಾನು ಪ್ರಮಿಳಾ. ಮಚ್ಛೆ ಅನ್ನೂ ಊರಾಗ ಪಂಪಿನ ಸಾಮಾನು ಮಾಡೂ ಕಾರ್ಖಾನಿ ಒಂದೈತಿ, ಅದರ ನೆಟ್‌ವರ್ಕ್ ನೋಡ್ಕೊಳ್ಳೂದು ನನ್ನ ಕೆಲಸ. ನೆಟ್‌ವರ್ಕ್ ನಡದಾಗ ನಾ ಅದೀನೋ ಇಲ್ಲೋ ಯಾರೂ ಕೇಳಂಗಿಲ್ಲ. ನಿಂತಿತು ಅಂದ್ರ ಎಲ್ಲಾರ ಬಾಯಾಗೂ ನನ್ನ ಹೆಸರ.

ದಸರಾ ಸೂಟಿ ಮುಗದು ಕಾರ್ಖಾನಿ ತೆರದ ದಿನಾ ಹಂಗ ಆತು. ನಾ ಇನ್ನೂ ಗಾಡಿ ಹಚ್ಚಾಕತ್ತಿದ್ದೆ, ಒಳಗಿಂದ ಒದರಾಟ: "ಮೇಡಮ್ಮಾರ, ಒಂದ ಕಂಪ್ಯೂಟರೂ ನಡೀವಲ್ತು!"

"ಭೂಮಿ ಏನ್ ಬಾಯಿ ಬಿಟ್ಟಿಲ್ಲ, ಸ್ವಲ್ಪ ತಡ್ಕೋರಿ," ಅಂದೆ.

ಖಾನಾಪುರದಾಗ ನಮ್ಮದೊಂದು ಗೋದಾಮು ಐತಿ. ಅಲ್ಲಿಗೂ ಇಲ್ಲಿಗೂ ಒಂದ ಲೈನು. ಆ ಲೈನ್ ಕಿತ್ತೆ ನೋಡ್ರಿ, ಮಚ್ಛೆ ಎದ್ದು ಕುಂತಿತು. ಅಂದ್ರ ಬ್ಯಾನಿ ಖಾನಾಪುರದ್ದು. ಊರು ತಿಳೀತಲ್ಲ, ಇನ್ನ ಮನಿ ಹುಡಕೂದು ನನಗೇನ್ ದೊಡ್ಡದಲ್ಲ.

ಅಷ್ಟರಾಗ ಮಾಲಕರು ತ್ರ್ಯಂಬಕರಾವ್ ಖಾನಾಪುರದಿಂದ ಫೋನ್ ಮಾಡಿದ್ರು. "ಪ್ರಮಿಳಾ, ಯಾರು ಕೆಡಿಸ್ಯಾರ ಅನ್ನೂದು ಗೊತ್ತಾತು. ಖಂಡೇಪೂಜಿ ದಿನಾ ಬಾಳವ್ವ ಕಸಾ ಹೊಡಿಯಾಗ ವೈರ್ ಎಳದಾಳ. ಗೋದಾಮಿನ ಕೀಲಿ ಇಸ್ಕೊಂಡೀನಿ. ನಾಳಿಂದ ಬರಬ್ಯಾಡ ಅಂದೀನಿ."

ನನಗ ಸಿಟ್ಟು ನೆತ್ತಿಗೇರಿತು. ಬಾಳವ್ವಕ್ಕ ಗೋದಾಮಿನ ಕಸಾ ನೀರು ನೋಡಾಕಿ. ಗಂಡ ಸತ್ತ ಮ್ಯಾಲ ಆಕಿ ಮನಿ ನಡಿಯೂದು ಇದೊಂದ ಪಗಾರದ ಮ್ಯಾಲ.

"ನೀವು ಕಣ್ಣಾರೆ ನೋಡೀರೇನ್ರಿ ಸಾಹೇಬ್ರ? ನಾ ಬರೂತನಕ ಯಾರೂ ಏನೂ ಮುಟ್ಟಬ್ಯಾಡ್ರಿ," ಅಂದು ಗಾಡಿ ತಿರುಗಿಸಿದೆ.

ಹೋಗಿ ನೋಡಿದರ ಬಾಳವ್ವಕ್ಕ ಗೋದಾಮಿನ ಕಟ್ಟಿ ಮ್ಯಾಲ ಸೆರಗು ಬಾಯಿಗೆ ಹಿಡಕೊಂಡು ಕುಂತಿದ್ಲು. "ನಾ ಮುಟ್ಟಿಲ್ರೀ ಬಾಯಾರ, ದೇವರಾಣಿ," ಅಂದ್ಲು.

"ಅಳಬ್ಯಾಡ. ಮಧ್ಯಾನದೊಳಗ ಹೇಳತೀನಿ ಯಾರು ಮುಟ್ಟ್ಯಾರ ಅಂತ," ಅಂದೆ. ಬಡಾಯಿ ಅನ್ರಿ ಬೇಕಾದ್ರ. ನನ್ನ ಕೆಲಸ ನನಗ ಗೊತ್ತೈತಿ.

ಒಳಗ ಗ್ವಾಡಿಗೆ ಒಂದು ಸ್ವಿಚ್ ಡಬ್ಬಿ ಐತಿ. ಎಲ್ಲಾ ಕಂಪ್ಯೂಟರಿನ ವೈರೂ ಅದಕ್ಕ ಬಂದು ಸೇರತಾವು. ಅದರ ಹಸರ ದೀಪ ಎಲ್ಲಾ ಹುಚ್ಚು ಹಿಡದಂಗ ಕುಣ್ಯಾಕತ್ತಿದ್ವು. ಒಂದೊಂದ ವೈರಿನ ಬೆನ್ನ ಹತ್ತಿ ಕೈ ಆಡಿಸಿದೆ. ಸಿಕ್ಕಿತು. ಒಂದ ವೈರಿನ ಎರಡೂ ತುದಿ ಅದ ಡಬ್ಬಿಗೆ ಚುಚ್ಚಿತ್ತು. ಹಂಗ ಮಾಡಿದರ ಕಳಿಸಿದ್ದು ಹೊರಗ ಹೋಗಂಗಿಲ್ಲ, ಗಾಣದೆತ್ತಿನಂಗ ಅಲ್ಲೇ ಸುತ್ತತೈತಿ, ಸುತ್ತಿ ಸುತ್ತಿ ಹಾದಿ ಎಲ್ಲಾ ತುಂಬಿ ಬಿಡತೈತಿ. ಮಚ್ಛೆ ಮಲಗಿದ್ದೂ ಅದಕ್ಕ.

ವೈರು ಕೀಳಾಕ ಕೈ ಹಾಕಿದಾಕಿ ಹಂಗ ನಿಂತೆ. ತುದಿ ಮ್ಯಾಲ ಕೆಂಪಗ ಹೆಬ್ಬೆರಳಿನ ಗುರ್ತು. ಒಣಗಿದ ಕುಂಕುಮ.

ಬಿಲ್ ಮಾಡೂ ಸುಜಯನ್ನ ಕರದೆ. "ಖಂಡೇಪೂಜಿ ದಿನಾ ನೆಟ್ ಯಾವಾಗಿನ ತನಕ ನಡದಿತ್ತೋ?"

"ಪೂಜಿಗೆ ಕರಿಯೂತನಕ ಬಿಲ್ ಹೊಡಿತಿದ್ದೆನ್ರೀ. ಖಡಕ್ ಇತ್ತು."

"ಕಸಾ ಹೊಡದಿದ್ದು?"

"ಅದು ಪೂಜಿಗಿಂತ ಮೊದಲ, ಮುಂಜಾನೇನ ಆಗಿತ್ತಲ್ರೀ. ಆಮ್ಯಾಲ ಇವತ್ತಿನ ತನಕ ಕಸಬರಿಗಿ ಎತ್ತಿಲ್ಲ."

ನಮ್ಮ ಪದ್ಧತಿ ಹೇಳತೀನಿ ಕೇಳ್ರಿ. ಖಂಡೇಪೂಜಿಗೆ, ಅಂದ್ರ ಆಯುಧಪೂಜಿಗೆ, ತಕ್ಕಡಿ, ಮಶೀನು, ಕಂಪ್ಯೂಟರು, ಎಲ್ಲಾಕ್ಕೂ ಮಾಲಕರು ಸ್ವಂತ ಕೈಲೆ ಕುಂಕುಮ ಹಚ್ಚತಾರ. ಅವರು ಹಚ್ಚಿದ ಮ್ಯಾಲ ದಸರಾ ಮುಗಿಯೂತನಕ ಮತ್ಯಾರೂ ಮುಟ್ಟಂಗಿಲ್ಲ.

"ಸಾಹೇಬ್ರ, ಬರ್ರಿ ಇಲ್ಲೆ," ಅಂತ ಕುಂಕುಮ ತೋರಿಸಿದೆ.

ತ್ರ್ಯಂಬಕರಾವ್ ಕಣ್ಣಿಗೆ ಚಾಳೀಸ್ ಏರಿಸಿ ನೋಡಿದ್ರು. ತಮ್ಮ ಹೆಬ್ಬೆರಳು ನೋಡ್ಕೊಂಡ್ರು. "ವೈರಿಂದು ಒಂದು ತುದಿ ಜೋತು ಬಿದ್ದಿತ್ತು," ಅಂದ್ರು ಆಮ್ಯಾಲ. "ಪೂಜಿ ದಿನಾ ಹಂಗ ಬಿಡಬಾರದು ಅಂತ, ತೂತು ಖಾಲಿ ಇತ್ತು, ಹಾಕಿದೆ. ಅಷ್ಟಕ್ಕ ಹಿಂಗಾಗತೈತಿ ಅಂತ ನನಗೇನ್ ಗೊತ್ತು?"

"ಗೊತ್ತಿರಲಿಲ್ಲ, ಖರೇ. ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಪೂಜಿ ಹೊತ್ತಿನ್ಯಾಗ ಬಾಳವ್ವಕ್ಕ ಎಲ್ಲಿದ್ಲು?"

ಸಾಹೇಬ್ರು ಗೇಟಿನ ಕಡೆ ನೋಡಿದ್ರು. ಸುಜಯ ನೆಲಾ ನೋಡಿದ.

"ನಾ ಹೇಳತೀನಿ," ಅಂದೆ. "ಗಂಡ ಇಲ್ಲದಾಕಿ ಅಂತ ವರ್ಷಾ ವರ್ಷಾ ಆಕಿನ್ನ ಗೇಟಿನ ಹೊರಗ ನಿಲ್ಲಸ್ತೀರಿ. ಆರತಿಗೆ ಒಳಗ ಬ್ಯಾಡಾದಾಕಿ, ತಪ್ಪು ಹೊರಾಕ ಮಾತ್ರ ಒಳಗ ಬೇಕೇನ್ರಿ?"

ಮಾಲಕರಿಗೆ ಹಂಗ ಅಂದೀನಿ ಅಂತ ನನಗ ಇವತ್ತೂ ಅಂಜಿಕಿ ಇಲ್ಲ.

ತ್ರ್ಯಂಬಕರಾವ್ ಕಿಸೆದಾಗಿಂದ ಕೀಲಿ ತಗದು ಹೊರಗ ಹೋದ್ರು. "ತಪ್ಪು ನಂದವ್ವಾ. ತಗೋ, ಒಳಗ ಬಾ," ಅಂದಿದ್ದು ನನಗ ಕೇಳಿಸಿತು.

ಬಾಳವ್ವಕ್ಕ ಬಂದು ಬಾಗಿಲದಾಗ ನಿಂತ್ಲು. "ಬಾ, ಈ ವೈರು ನೀನ ಕಿತ್ತು ಬಿಡು," ಅಂದೆ.

ಆಕಿ ಕೈ ಚಾಚಿ, ತುದಿ ನೋಡಿ, ಹಿಂದಕ್ಕ ಎಳಕೊಂಡ್ಲು. "ಕುಂಕುಮ ಹತ್ತೈತ್ರೀ ಬಾಯಾರ. ನಾ ಹೆಂಗ..."

ನಾ ಬಾಯಿ ತೆರಿಯೂದರೊಳಗ ಸಾಹೇಬ್ರ ಅಂದ್ರು: "ಮುಟ್ಟವ್ವಾ."

ಆಕಿ ಕಿತ್ತಳು. ಕುಣಿಯೂ ದೀಪ ಒಂದೊಂದ ಸಮಾಧಾನ ಆದ್ವು. ಸುಜಯ ತನ್ನ ಖುರ್ಚಿಯಿಂದ "ಬಂತ್ರೀ, ಬಂತು!" ಅಂತ ಒದರಿದ. ನಾ ಮಚ್ಛೆಗೆ ಫೋನ್ ಮಾಡಿ ಲೈನ್ ಹಾಕಸಿದೆ. ಎರಡೂ ಊರು ಮಾತಾಡಿದ್ವು.

ಬಾಳವ್ವಕ್ಕ ಕಸಬರಿಗಿ ಎತ್ತಿಕೊಂಡ್ಲು. ಆಕಿ ಬೆರಳಿಗೆ ಕೆಂಪು ಹತ್ತಿತ್ತು. ಅದನ್ನ ಸೆರಗಿಗೆ ಒರಸಾಕ ಹೋಗಿ, ನಿಂತು, ಒರಸದ ಹಂಗ ಬಿಟ್ಟು ಕಸಾ ಹೊಡಿಯಾಕ ಹೋದಳು.