ಹೆಚ್ಚು ತೇದವಳು

ಒದ್ದೆ ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನಾದಿನಿಯ ಕೈಯಲ್ಲಿ. ಹಿತ್ತಲಲ್ಲಿ ನಿಂತು ಹಿಂಡುತ್ತಿದ್ದೆವು.

"ಮೆಲ್ಲಗೆ ತಿರುವಿ ಅತ್ತಿಗೆ. ಹರಿದ್ರೆ ಅದಕ್ಕೂ ನನ್ನ ಕೈನೇ ಕಾರಣ ಅಂತಾರೆ."

ನನಗೆ ನಗು ಬರಲಿಲ್ಲ.

ನಾವಿಬ್ಬರೂ ಒಂದೇ ಕಾರ್ಖಾನೆಯವರು. ರೇಡಿಯೊಗಳೊಳಗೆ ಕೂರುವ ಸ್ಫಟಿಕದ ಬಿಲ್ಲೆಗಳನ್ನು ಅವಳು ತೇಯುತ್ತಿದ್ದಳು. ಅವು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆಂದು ನಾನು ಅಳೆಯುತ್ತಿದ್ದೆ. ಬಿಲ್ಲೆ ತೆಳುವಾದಷ್ಟೂ ಕಂಪನ ಹೆಚ್ಚು. ಗಾಳಿ ಬಿಸಿಲು ಸೋಕಿದರೆ ಅಳತೆ ಕೆಡುತ್ತದೆಂದು ನನ್ನ ಕೋಣೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಬಾಗಿಲು ಮಾತ್ರ ಎರಡು, ಎರಡೂ ಮುಚ್ಚಿಯೇ ಇರುತ್ತಿದ್ದವು.

ತಿಂಗಳ ಹಿಂದೆ ಅವಳು ತೇದು ಕಳಿಸಿದ ಬಿಲ್ಲೆಗಳ ಅಳತೆ ನಿಲ್ಲಲೇ ಇಲ್ಲ, ಕೊನೆಯ ಅಂಕಿಗಳು ಕುಣಿಯುತ್ತಿದ್ದವು. ಗದ್ದಲದಲ್ಲಿ ದನಿ ಕೇಳದಿದ್ದರೆ ಜೋರಾಗಿ ಕೂಗುತ್ತೇವಲ್ಲ, ಹಾಗೆ ಬಿಲ್ಲೆಗೆ ಕೊಡುವ ವಿದ್ಯುತ್ತನ್ನು ಏರಿಸಿಬಿಟ್ಟೆ. ಅಂಕಿಗಳು ತೆಪ್ಪಗೆ ಕೂತವು. ಆದರೆ ಒಂದೊಂದು ಬಿಲ್ಲೆಯೂ ಬೇಕಾದ್ದಕ್ಕಿಂತ ಹೆಚ್ಚು ಕಂಪನ ತೋರಿಸಿತು. ಹಾಳೆಯಲ್ಲಿ 'ಹೆಚ್ಚು ತೇದಿದೆ' ಎಂದು ಬರೆದುಕೊಟ್ಟೆ. ಮೇಲ್ವಿಚಾರಕರು ನಾದಿನಿಯನ್ನು ಕೆಲಸದಿಂದ ತೆಗೆದರು.

ಹತ್ತು ದಿನದ ಮೇಲೆ, ಯಾಕೋ ಅನುಮಾನ ಬಂದು, ವಿದ್ಯುತ್ತನ್ನು ಮೊದಲಿನ ಗುರುತಿಗೆ ಇಳಿಸಿ, ಎಸೆಯಲಿಟ್ಟಿದ್ದ ಬಿಲ್ಲೆಯೊಂದನ್ನು ಅಳೆದೆ. ಅಂಕಿ ನಡುಗಿತು, ಆದರೆ ಸರಿಯಾದ ಜಾಗದಲ್ಲೇ ನಡುಗಿತು. ಇನ್ನೊಂದು ಅಳೆದೆ, ಮತ್ತೊಂದು ಅಳೆದೆ. ಬಲವಂತ ಮಾಡಿ ಕೇಳಿದ್ದಕ್ಕೆ ಅವು ನನಗೆ ಬೇರೆಯದೇ ಉತ್ತರ ಕೊಟ್ಟಿದ್ದವು.

ಅಂದೇ ಮೇಲ್ವಿಚಾರಕರಿಗೆ ಪತ್ರ ಬರೆದೆ. ಕಳಿಸಿದರೆ ನನ್ನ ಕೆಲಸ ಹೋಗುತ್ತದೆ. ಮನೆಯಲ್ಲಿ ಈಗ ದುಡಿಯುವವಳು ನಾನೊಬ್ಬಳೇ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಪತ್ರ ಮೂರು ವಾರ ಊಟದ ಚೀಲದಲ್ಲೇ ಓಡಾಡಿತು.

"ನನ್ನ ಕೈಗೇ ಏನೋ ಆಗಿದೆ ಅತ್ತಿಗೆ," ಎಂದಳು ನಾದಿನಿ, ಹೊದಿಕೆಯ ತುದಿ ತಿರುವುತ್ತ. "ನಿನ್ನೆ ಆಲೂಗಡ್ಡೆ ಸಿಪ್ಪೆ ತೆಗೆಯೋವಾಗ್ಲೂ ಜಾಸ್ತಿ ಹೋಯ್ತಾ ಅಂತ ನೋಡ್ತಾ ಕೂತೆ. ಅಳೆದಿದ್ದು ನೀವು. ನೀವಳೆದಿದ್ದು ಸುಳ್ಳಾಗುತ್ತಾ?"

"ಸುಳ್ಳೇ ಕಣೇ. ನಿನ್ನ ಕೈ ಸರಿಯಾಗೇ ಇದೆ. ತಪ್ಪು ನಂದು."

ಎಲ್ಲ ಹೇಳಿದೆ, ಪತ್ರವನ್ನೂ ತಂದು ತೋರಿಸಿದೆ. ಅವಳು ಮೇಲಿದ್ದ ತಾರೀಖು ನೋಡಿದಳು.

"ಮೂರು ವಾರ?"

"ಮೂರು ವಾರ."

ಅವಳು ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. "ನಡೀರಿ. ನಿಮ್ಮೊಬ್ರನ್ನೇ ಬಿಟ್ರೆ ಬೀದಿ ಕೊನೆ ಮುಟ್ಟೋಕೆ ಇನ್ನೂ ಮೂರು ವಾರ ಬೇಕು."

ದಾರಿಯುದ್ದಕ್ಕೂ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಅಂಚೆ ಪೆಟ್ಟಿಗೆಯ ಬಾಯಲ್ಲಿ ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳು ಕೈಕಟ್ಟಿ ನೋಡುತ್ತ ನಿಂತಳು. ನಾನೇ ಒಳಗೆ ತಳ್ಳಿದೆ.