ಹಿಡಿದ ಸಾಲು

ಮುಂಬೈಯಲ್ಲಿ ಗಂಡನನ್ನು ಹುಡುಕುವುದೆಂದರೆ ಜೋಳದ ರಾಶಿಯಲ್ಲಿ ಬಿದ್ದ ಮೂಗುತಿ ಹುಡುಕಿದಂತೆ ಎಂದು ಉಗರಗೋಳದ ಅರ್ಧ ಊರು ಸೀತವ್ವನಿಗೆ ಬುದ್ಧಿ ಹೇಳಿತ್ತು. ಉಳಿದರ್ಧ ಊರು ಬೆನ್ನ ಹಿಂದೆ ನಕ್ಕಿತ್ತು. ಆಕೆ ಎರಡಕ್ಕೂ ಕಿವಿಗೊಡದೆ ಮೈದುನ ಪರಶುನನ್ನು ಜೊತೆಗೆ ಕರೆದುಕೊಂಡು ರೈಲು ಹತ್ತಿದಳು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಸೊಂಟದಲ್ಲಿ ಎಲೆಅಡಿಕೆಯ ಸಂಚಿ, ಎರಡೂ ಕೈತುಂಬ ಹಸಿರು ಬಳೆ. ಆ ಬಳೆಗಳ ಸಲುವಾಗಿಯೇ ಇಷ್ಟೆಲ್ಲ ಓಡಾಟ.

ಗಂಡ ಭೀಮಶಿ ಮುಂಬೈಗೆ ಹೋದದ್ದು ಮಾಲಿಯಾಗಿ. ಯಾವನೋ ಕಂತ್ರಾಟುದಾರನ ಕೈಕೆಳಗೆ ಇವತ್ತು ಈ ಗಾರ್ಡನ್, ನಾಳೆ ಆ ಗಾರ್ಡನ್. ಎಲ್ಲಿದ್ದೀ ಎಂದು ಫೋನಿನಲ್ಲಿ ಕೇಳಿದರೆ ಬಾಗಿನ್ಯಾಗ ಅದೇನಿ ಎನ್ನುವನು. ಯಾವ ಬಾಗು, ಯಾವ ತೋಟ ಎಂದು ಈಕೆ ಕೇಳಲಿಲ್ಲ, ಆತ ಹೇಳಲಿಲ್ಲ. ಉಗರಗೋಳದಲ್ಲಿ ಕುಳಿತವಳಿಗೆ ಹೆಸರು ಗೊತ್ತಾಗಿ ತಾನೇ ಏನಾಗಬೇಕಿತ್ತು? ದೀಪಾವಳಿಗೆ ಬಂದವನು ತಿರುಗಿ ಹೋಗುವಾಗ ಆಕೆಯ ಹಳೆಯ ಸೀರೆಯೊಂದನ್ನು ಕೇಳಿ ಒಯ್ಯುತ್ತಿದ್ದ. ಎಳೆ ಗಿಡವನ್ನು ಬಿದಿರಿನ ಗೂಟಕ್ಕೆ ಕಟ್ಟಲು ಕಂತ್ರಾಟುದಾರ ಪ್ಲಾಸ್ಟಿಕ್ ಹಗ್ಗ ಕೊಡುತ್ತಾನಂತೆ, ಅದು ತೊಗಟೆಯನ್ನು ಕೊಯ್ಯುತ್ತದಂತೆ. ಸೀರೆಯ ಅಗಲ ಪಟ್ಟಿಯಾದರೆ ಗಿಡಕ್ಕೆ ನೋವಿಲ್ಲ. ಅದನ್ನೂ ವರ್ಷಕ್ಕೊಮ್ಮೆ ಬಿಚ್ಚಿ ಸಡಿಲು ಮಾಡಿ ಕಟ್ಟಬೇಕು, ಇಲ್ಲದಿದ್ದರೆ ಬೆಳೆಯುವ ಗಿಡದ ಕೊರಳಿಗೆ ಉರುಲು. ಹೆಂಡತಿಯ ಸೀರೆಯನ್ನು ಮುಂಬೈಯ ಗಿಡಗಳಿಗೆ ಉಡಿಸುವವ ಎಂದು ಆಕೆ ಕಾಡಿಸಿದರೆ ಆತ ಹಲ್ಲು ಕಿರಿಯುತ್ತಿದ್ದ.

ಒಂದು ದೀಪಾವಳಿಗೆ ಗುಲ್ಬಾಸಿ ಬಣ್ಣದ ಪಾಲಿಸ್ಟರ್ ಸೀರೆ ಒಯ್ದ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಫೋನು ಸತ್ತಿತು. ದೂರು ಕೊಟ್ಟದ್ದಾಯಿತು, ಫೋಟೋ ಹಂಚಿದ್ದಾಯಿತು, ಮೂರು ದೀಪಾವಳಿ ಕಳೆದವು. ಆತ ಬರಲಿಲ್ಲ.

ಸೀತವ್ವ ಗುಡ್ಡದ ಹಾದಿಯಲ್ಲಿ ಭಂಡಾರ, ಕುಂಕುಮ, ಬಳೆ ಮಾರುವವಳು. ಹೊಸ್ತಿಲ ಹುಣ್ಣಿಮೆಗೆ ಗುಡ್ಡದ ಎಲ್ಲಮ್ಮನೇ ಗಂಡನನ್ನು ಕಳೆದುಕೊಂಡು ಬಳೆ ತೆಗೆಯುತ್ತಾಳೆ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗಿ ತೊಡುತ್ತಾಳೆ. ದೇವರಾದವಳಿಗೆ ಆ ಅನುಕೂಲ ಉಂಟು. ಮನುಷ್ಯಳಾದವಳು ಏನು ಮಾಡಬೇಕು? ಮುತ್ತೈದೆಯರು ಈಕೆಯ ಕೈಯಿಂದ ಕುಂಕುಮ ಕೊಳ್ಳಲು ಹಿಂದೆಮುಂದೆ ನೋಡತೊಡಗಿದರು. ನಿನ್ನ ಗಂಡ ಅದಾನೋ ಇಲ್ಲೋ ಎಂದು ಒಬ್ಬಳು ಮೋರೆಗೆ ಹೊಡೆದ ಹಾಗೆ ಕೇಳಿಯೇ ಬಿಟ್ಟಳು. ಅಂಥವಳ ಬಾಯಿಗೆ ಹುಳ ಬೀಳಲಿ.

ಈ ವರ್ಷ ಅತ್ತೆ ಸುಂದರವ್ವನೂ ಸೋತಳು. ಹೊಸ್ತಿಲ ಹುಣ್ಣಿಮೆಯ ಮೊದಲು ಹುಲ್ಲಿನ ಗೊಂಬೆ ಮಾಡಿ, ಮಗನೆಂದು ಸುಟ್ಟು, ಸೊಸೆಯ ಬಳೆ ಒಡೆದು ಮುಗಿಸೋಣ ಎಂದಳು. ಕೆಟ್ಟ ಮುದುಕಿಯಲ್ಲ ಆಕೆ. ದಿನಾ ಸಂಜೆ ಹೊಸ್ತಿಲಲ್ಲಿ ಕೂತು ಬಸ್ಸಿನ ದಾರಿ ನೋಡಿ ನೋಡಿ ಆಕೆಯ ಜೀವ ಹೈರಾಣಾಗಿತ್ತು. ಸೀತವ್ವ ಮಾತ್ರ ಒಪ್ಪಲಿಲ್ಲ.

"ಅತ್ತೀ, ನನ್ನ ಕಣ್ಣಲೇ ನೋಡೂತನಾ ನಾ ಒಂದ ಬಳಿನೂ ಒಡಿಯಾಂಗಿಲ್ಲ," ಎಂದಳು.

ಹಾಗೆ ಬಂದದ್ದು ಮುಂಬೈಗೆ. ಪರಶುನ ಮನಸ್ಸಿನಲ್ಲಿ ಬೇರೆಯೇ ಗುಮಾನಿ ಇತ್ತು. ಅಣ್ಣ ಅಲ್ಲೇ ಯಾವಳನ್ನೋ ಇಟ್ಟುಕೊಂಡಿರಬೇಕು, ಅದಕ್ಕೇ ಸಿಮ್ ಬದಲಿಸಿದ್ದಾನೆ ಎಂದು ರೈಲಿನಲ್ಲಿ ತಡವರಿಸುತ್ತ ಹೇಳಿದ. ಇಟ್ಟುಕೊಂಡಿದ್ದರೆ ಎಷ್ಟು ಚಲೋ ಆದೀತು ಎಂದುಕೊಂಡಳು ಸೀತವ್ವ. ಸವತಿಯ ಮುಂದೆ ಸೆರಗೊಡ್ಡಿ ಕಾಲು ಮುಟ್ಟಿಯೇನು, ಆತ ಉಸಿರಾಡುತ್ತಿದ್ದರೆ ಸಾಕು. ಇಂಥ ಹರಕೆ ಹೊರುವ ಗತಿ ಯಾವ ಹೆಂಗಸಿಗೂ ಬರಬಾರದು.

ಆ ಊರಿನಲ್ಲಿ ಬಾಗು ಒಂದೇ ಎರಡೇ? ಗುಡ್ಡದ ನೆತ್ತಿಯ ಮೇಲಿನ ದೊಡ್ಡ ಗಾರ್ಡನ್ನಿನಲ್ಲಿ ಕಂಟಿಗಳನ್ನು ಕತ್ತರಿಸಿ ಆನೆ ಮಾಡಿದ್ದರು, ಎತ್ತು ಮಾಡಿದ್ದರು. ಕೆಲಸವಿಲ್ಲದ ಬಡಗಿ ಏನೋ ಮಾಡಿದ ಹಾಗಾಯಿತು ಇದು ಎಂದು ಸೀತವ್ವನಿಗೆ ಅನಿಸಿತು. ಸಮುದ್ರದ ದಂಡೆಯ ಇನ್ನೊಂದರಲ್ಲಿ ಹರೆಯದ ಜೋಡಿಗಳು ಕೊಡೆಯ ಮರೆಯಲ್ಲಿ ಕೂತಿದ್ದವು, ಪಕ್ಕದಲ್ಲೇ ಮುದುಕರ ಗುಂಪೊಂದು ಕೈ ಮೇಲೆತ್ತಿ ಸುಮ್ಮಸುಮ್ಮನೆ ಹಾ ಹಾ ಎಂದು ನಗುತ್ತಿತ್ತು. ನಗು ಬಾರದಿದ್ದರೂ ನಗುವ ಊರು! ಕೆಲವು ಬಾಗುಗಳಿಗೆ ಮಧ್ಯಾಹ್ನ ಬೀಗ. ಕೆಲವುಗಳಲ್ಲಿ ಹುಲ್ಲಿನ ಮೇಲೆ ಕೂತರೆ ಸೀಟಿ ಊದಿ ಎಬ್ಬಿಸುತ್ತಿದ್ದರು. ಪರಶು ಫೋಟೋ ಹಿಡಿದು ತನ್ನ ಹರಕು ಮರಾಠಿಯಲ್ಲಿ ಮಾಲಿಗಳನ್ನು ಕೇಳುತ್ತಿದ್ದ. ಸೀತವ್ವ ಯಾರ ಮುಖವನ್ನೂ ನೋಡದೆ ಎಳೆ ಗಿಡಗಳ ಬುಡದಿಂದ ಬುಡಕ್ಕೆ ನಡೆಯುತ್ತಿದ್ದಳು. ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಹಗ್ಗ. ಸಂಜೆಯಾದರೆ ಸ್ಟೇಷನ್ನಿನ ಹತ್ತಿರದ ಧರ್ಮಶಾಲೆಗೆ ಬಂದು, ರೊಟ್ಟಿ ನೀರಿನಲ್ಲಿ ಅದ್ದಿ ತಿಂದು ಮಲಗುತ್ತಿದ್ದರು.

ಬುತ್ತಿ ಮುಗಿಯುವ ಹೊತ್ತಿಗೆ ಪರಶು ಇನ್ನು ಸಾಕು ಎಂದ. ಒಂದು ನೋಡಿ ಹೋಗೋಣ ಎಂದಳು ಸೀತವ್ವ. ಹಾಗೆ ಹೋದದ್ದು ಸಮುದ್ರದ ಹಿನ್ನೀರು ಒಳನುಗ್ಗುವ ಖಾಡಿಯ ದಂಡೆಯ ಒಂದು ಸಣ್ಣ ಉದ್ಯಾನಕ್ಕೆ. ಕೆಸರಿನ ವಾಸನೆ, ನಾಲ್ಕು ಜೋಕಾಲಿ, ಒಣಗಿದ ಕಾರಂಜಿ. ಒಳಗಿನ ಕಾಲುದಾರಿಯ ಬದಿಗೆ ಉದ್ದಕ್ಕೆ ಒಂದು ಸಾಲು ಬೇವಿನ ಗಿಡ, ಆಳೆತ್ತರ ದಾಟಿದ್ದವು.

ಮೊದಲನೆಯ ಗಿಡದ ಕೊರಳಲ್ಲಿ ಗುಲ್ಬಾಸಿ ಪಟ್ಟಿ ಇತ್ತು.

ಸೀತವ್ವ ಅದನ್ನು ಮುಟ್ಟಿದಳು. ಬಣ್ಣ ಹೋಗಿ ಬೂದಿಯಾಗಿತ್ತು, ಆದರೆ ಮಡಿಕೆಯ ಒಳಗೆ ಗುಲ್ಬಾಸಿ ಹಾಗೇ ಉಳಿದಿತ್ತು. ಸವದತ್ತಿಯ ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡ ಸೀರೆ. ಎತ್ತು ಕಟ್ಟುವ ಹಗ್ಗಕ್ಕೆ ಹಾಕುವಂಥ ಜೋಡಿ ಗಂಟು. ಪರಶು ಅಲ್ಲೇ ಕುಣಿದಾಡಿಬಿಟ್ಟ. ಅಣ್ಣ ಸಿಕ್ಕ, ಇಲ್ಲೇ ಎಲ್ಲೋ ಇದ್ದಾನೆ, ವಾಚ್‌ಮನ್ನನನ್ನು ಕೇಳಿ ಬರುತ್ತೇನೆ ಎಂದು ಗೇಟಿನ ಕಡೆ ಓಡಿದ. ಎರಡನೆಯ ಗಿಡಕ್ಕೂ ಗುಲ್ಬಾಸಿ, ಮೂರನೆಯದಕ್ಕೂ ಗುಲ್ಬಾಸಿ. ಸೀತವ್ವ ಬಳೆಗಳನ್ನು ಮುಂಗೈಗೆ ಏರಿಸಿಕೊಂಡು ಬೇಗಬೇಗ ನಡೆದಳು.

ಸಾಲಿನ ನಡುವೆ ಒಂದು ಗಿಡದ ಹತ್ತಿರ ಕಾಲು ನಿಂತವು. ಅದರ ಕೊರಳಲ್ಲಿ ಎರಡು ಪಟ್ಟಿ ಇದ್ದವು. ಒಳಗಿನದು ಹಸಿರು, ಗುಲ್ಬಾಸಿಗಿಂತ ಹಿಂದಿನ ವರ್ಷ ಕೊಟ್ಟ ಸೀರೆಯದು. ಅದರ ಗಂಟು ಅರ್ಧ ಬಿಚ್ಚಿತ್ತು. ಮೇಲೆ ಗುಲ್ಬಾಸಿ ಪಟ್ಟಿ ಸುತ್ತಿ ಒಂದು ಗಂಟು ಹಾಕಿತ್ತು. ಎರಡನೆಯ ಗಂಟು ಇರಲಿಲ್ಲ. ಅಲ್ಲಿಂದ ಮುಂದಿನ ಗಿಡಗಳಲ್ಲೆಲ್ಲ ಬರೀ ಹಳೆಯ ಹಸಿರು ಪಟ್ಟಿ, ಯಾರೂ ಸಡಿಲು ಮಾಡಿರಲಿಲ್ಲ. ತೊಗಟೆ ಉಬ್ಬಿ ಬಟ್ಟೆಯನ್ನು ನುಂಗಿತ್ತು.

ಸೀತವ್ವ ಗಿಡದ ಬುಡದಲ್ಲಿ ಕೂತುಬಿಟ್ಟಳು.

ಅವರ ಕಡೆ ಕಳೆ ತೆಗೆಯುವವರು ಹಿಡಿದ ಸಾಲನ್ನು ಮುಗಿಸದೆ ಬದುವಿಗೆ ಬರುವುದಿಲ್ಲ. ಸಾಲು ಹರಿದರೆ ಆಯುಷ್ಯ ಹರಿಯುತ್ತದೆ ಎಂಬ ನಂಬಿಕೆ. ಬೇರೆಯವರು ಮಳೆ ಬಂದರೆ, ಸಾಹುಕಾರ ಕರೆದರೆ ಬಿಟ್ಟು ಏಳುವುದುಂಟು. ಭೀಮಶಿ ಏಳುವವನಲ್ಲ. ಒಂದು ಸಲ ಹತ್ತಿಯ ಹೊಲದಲ್ಲಿ ಚೇಳು ಕಡಿದರೂ, ಹಲ್ಲು ಕಚ್ಚಿ ಸಾಲು ಮುಗಿಸಿಯೇ ದವಾಖಾನೆಗೆ ಹೋದ ಪುಣ್ಯಾತ್ಮ. ಎಂಥಾ ಹುಚ್ಚ ಎಂದು ಆ ದಿನ ಸೀತವ್ವ ಅತ್ತು ಬೈದಿದ್ದಳು. ಇವತ್ತು ಆ ಹುಚ್ಚೇ ಆಕೆಗೆ ಎಲ್ಲವನ್ನೂ ಹೇಳಿತು.

ಪರಶು ತಿರುಗಿ ಬಂದ. ಹೋದಾಗಿನ ಓಟ ಬರುವಾಗ ಇರಲಿಲ್ಲ. ಆದರೂ ಅವನು, ಬ್ಯಾರೆ ಬಾಗಿಗೆ ಕಳಿಸಿರಬಹುದು ವೈನಿ ಎಂದು ಶುರು ಮಾಡಿದ.

"ಕಳಿಸಿದ್ದರ ಸಾಲ ಮುಗಿಸಿ ಹೋಗ್ತಿದ್ದ," ಎಂದಳು ಸೀತವ್ವ. "ಖರೇ ಹೇಳು ಪರಶು. ಆ ವಾಚ್‌ಮನ್ ಏನಂದ?"

ಪರಶು ನೆಲ ನೋಡುತ್ತ ಹೇಳಿದ. ಮಳೆ ನಿಂತ ಮೇಲಿನ ಒಂದು ಬಿಸಿಲಿನ ದಿನ ಒಬ್ಬ ಮಾಲಿ ಇಲ್ಲೇ ಗಿಡ ಹಿಡಿದುಕೊಂಡು ಕುಸಿದನಂತೆ. ಕಂತ್ರಾಟುದಾರನ ಜನ ಟೆಂಪೋದಲ್ಲಿ ಹಾಕಿಕೊಂಡು ಹೋದರಂತೆ. ದಾರಿಯಲ್ಲೇ ಮುಗಿಯಿತೆಂದು ಆಮೇಲೆ ಸುದ್ದಿ ಬಂತು. ಮುಂದೆ ಯಾರು ಸುಟ್ಟರೋ, ಎಲ್ಲಿ ಹುಗಿದರೋ ಯಾರಿಗೂ ಗೊತ್ತಿಲ್ಲ. ಕಂತ್ರಾಟೂ ಬದಲಾಯಿತು. ಅವನ ಹೆಸರು ಯಾರೂ ಕೇಳಿರಲಿಲ್ಲ. ಎಲ್ಲರೂ ಕಾನಡಿ, ಕನ್ನಡದವನು, ಎಂದು ಕರೆಯುತ್ತಿದ್ದರು, ಅಷ್ಟೇ.

ಅಷ್ಟು ಹೇಳಿ ಪರಶು ಮುಖ ಮುಚ್ಚಿಕೊಂಡು ಅತ್ತ. ಇಟ್ಟುಕೊಂಡಾನ ಅಂದೆನಲ್ಲ ವೈನಿ, ನನ್ನ ನಾಲಿಗೆಗೆ ಬೆಂಕಿ ಹಾಕ ಎಂದು ಎದೆ ಬಡಿದುಕೊಂಡ. ಸೀತವ್ವ ಅವನ ತಲೆಯ ಮೇಲೆ ಕೈಯಿಟ್ಟಳು. ಆಕೆಗೆ ಅಳು ಬರಲಿಲ್ಲ. ತನ್ನ ಗಂಡ ಹೆಸರಿಲ್ಲದ ಹೆಣವಾಗಿ ಹೋದಾಗ ತಾನು ಗುಡ್ಡದ ಹಾದಿಯಲ್ಲಿ ಕೂತು ಕಂಡವರಿಗೆಲ್ಲ ಕುಂಕುಮ ಮಾರುತ್ತಿದ್ದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸ್ವಲ್ಪ ಹೊತ್ತಿಗೆ ಎದ್ದಳು. ಸಂಚಿಯಿಂದ ಅಡಿಕೆ ಕತ್ತರಿಸುವ ಅಡಕೊತ್ತು ತೆಗೆದಳು. ಅರ್ಧ ಬಿಚ್ಚಿದ ಗಂಟಿನಿಂದಲೇ ಶುರು ಮಾಡಿ, ಮುಂದಿನ ಒಂದೊಂದೇ ಗಿಡದ ಕೊರಳಿನ ಪಟ್ಟಿ ಕತ್ತರಿಸಿ ಬಿಡಿಸತೊಡಗಿದಳು. ವಾಚ್‌ಮನ್ ಸೀಟಿ ಊದುತ್ತ ಬಂದ. ಪರಶು ಕೈಮುಗಿದು ಏನೋ ಹೇಳಿದ, ಆ ಮುದುಕ ಸೀಟಿಯನ್ನು ಕಿಸೆಗೆ ಹಾಕಿಕೊಂಡು ದೂರ ನಿಂತ. ಕೆಲವು ಪಟ್ಟಿ ಸುಲಭಕ್ಕೆ ಬಂದವು, ಕೆಲವನ್ನು ತೊಗಟೆಯೊಳಗಿಂದ ಉಗುರಿನಲ್ಲಿ ಕಿತ್ತು ತೆಗೆಯಬೇಕಾಯಿತು. ಬೆರಳು ಸುಲಿದು ರಕ್ತ ಬಂತು. ಕೊನೆಯ ಗಿಡದ ತನಕ ಆಕೆ ತಲೆ ಎತ್ತಲಿಲ್ಲ.

ಸಾಲು ಮುಗಿಯಿತು. ಕಿತ್ತ ಪಟ್ಟಿಗಳನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡಳು.

"ಹುಲ್ಲಿನ ಗ್ವಾಂಬಿಗಿ ಇವನ್ನ ಸುತ್ತೂಣು," ಎಂದಳು. "ಅವನ ಕೈ ಮುಟ್ಟಿದ್ದು ನಮ್ಮ ಪಾಲಿಗೆ ಇಷ್ಟ ಉಳದೈತಿ. ಅತ್ತಿಗಿ ನಾನ ಹೇಳತೇನಿ."

ಆಮೇಲೆ ಎರಡೂ ಕೈ ಎತ್ತಿ ಬೇವಿನ ಬೊಡ್ಡೆಗೆ ಬಳೆ ಬಡಿಯಲು ಹೋದಳು. ಪರಶು ಬೇರೆ ಕಡೆ ಮುಖ ತಿರುಗಿಸಿದ. ಸಂಜೆಯ ಹೊತ್ತು, ಜೋಕಾಲಿಯ ಕಡೆಯಿಂದ ಮಕ್ಕಳು ಚಪ್ಪಲಿ ಬಿಸಾಕಿ ಹುಲ್ಲಿನ ಮೇಲೆ ಓಡಿಬರುತ್ತಿದ್ದವು. ಒಂದು ಪುಟ್ಟ ಹುಡುಗಿ ಆಕೆಯ ಕಾಲಿನ ಹತ್ತಿರವೇ ಹಾದು ಗಿಡ ಸುತ್ತಿ ಹೋಯಿತು. ಸೀತವ್ವ ಕೈ ಇಳಿಸಿದಳು.

"ಇಲ್ಲಿ ಬ್ಯಾಡ," ಎಂದಳು. "ಕೂಸುಗೋಳು ಬರಿಗಾಲಲೇ ಆಡತಾವು. ಚೂರು ನಟ್ಟಾವು. ಊರಿಗೆ ನಡಿ."

ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು. ದಾರಿಯುದ್ದಕ್ಕೂ ಆಕೆಯ ಕೈಬಳೆ ಸಪ್ಪಳ ಮಾಡುತ್ತಿದ್ದವು.