ಮೂವತ್ತೊಂದು ವೋಟಿನ ಭಾಗಪ್ಪ

ಕಲಬುರಗಿಯಲ್ಲಿ ಯಾವ ಓಣಿ ಯಾರಿಗೆ ವೋಟು ಹಾಕುತ್ತದೆ ಅನ್ನುವುದು ಗುಟ್ಟೇನಲ್ಲ. ಗಾಜಿಪುರದ ಯಾವುದಾದರೂ ಚಹಾದ ಹೋಟೆಲಿನಲ್ಲಿ ಕುಂತು ಕೇಳಿರಿ, ಕಪ್ಪು ಖಾಲಿಯಾಗುವುದರೊಳಗೆ ಇಡೀ ಊರನ್ನು ಬೆರಳ ಮೇಲೆ ಎಣಿಸಿ ಕೊಡುತ್ತಾರೆ. ಈ ಓಣಿ ಹಳೇ ಪಾರ್ಟಿಯದು, ಆ ಓಣಿ ಈ ಸಲ ತಿರುಗ್ಯಾದ, ಅತ್ಲಾಕಡೆಯವರು ಮುಂಜಾನೆ ಒಬ್ಬರಿಗೆ, ಸಂಜೀಗೆ ಇನ್ನೊಬ್ಬರಿಗೆ! ಆದರೆ ಕಪನೂರದ ಬೇಳೆ ಮಿಲ್ಲುಗಳ ಹಿಂದಿದ್ದ ಹದಿನಾಲ್ಕು ತಗಡಿನ ಮನೆಗಳನ್ನು ಆ ಪಂಡಿತರು ಯಾರೂ ಎಣಿಸುತ್ತಿರಲಿಲ್ಲ. ಎಣಿಸಲಿಕ್ಕೆ ಅಲ್ಲಿ ವೋಟು ಇದ್ದರಲ್ಲವೇ? ಮನೆಗಳು ಕಲಬುರಗಿಯಲ್ಲಿ, ವೋಟುಗಳು ಕಮಲಾಪುರದಲ್ಲಿ.

ಆ ವೋಟುಗಳ ಯಜಮಾನ ಭಾಗಪ್ಪ. ಹದಿನೈದು ವರ್ಷದ ಹಿಂದೆ ಕಮಲಾಪುರದ ಕಾಶಿರಾಯಗೌಡರು ಹೇಳಿ ಅವನನ್ನು ಮಿಲ್ಲಿನ ಕೆಲಸಕ್ಕೆ ಹಚ್ಚಿದ್ದರು. ಅವನ ಬೆನ್ನಿಗೆ ಊರ ಮಂದಿ ಒಬ್ಬೊಬ್ಬರಾಗಿ ಬಂದು ನೆಲೆ ನಿಂತರು. ಯಾವ ಇಲೆಕ್ಷನ್ ಬರಲಿ, ಗೌಡರ ಟೆಂಪೊ ಬರುತ್ತಿತ್ತು, ಭಾಗಪ್ಪ ಅದನ್ನು ತುಂಬಿಸಿಕೊಂಡು ಹೋಗುತ್ತಿದ್ದ.

“ಮೂವತ್ತೊಂದು ವೋಟು ನನ್ನ ಕಿಸೇದಾಗ ಅದಾವ” ಎಂದು ಮೀಸೆ ತಿರುವುವನು.

“ಅದಾವ ಖರೆ, ಕೊಡದಾಗ ನೀರಿಲ್ಲ” ಎಂದು ಹೆಂಡತಿ ಮಲ್ಕಮ್ಮ ಕೊಡ ಕುಕ್ಕುವಳು.

ನೀರಿಗೆ ಹೈವೇ ದಾಟಿ ಇನ್ನೊಂದು ಮಿಲ್ಲಿನ ಹೌದಿಗೆ ಹೋಗಬೇಕಿತ್ತು. ಒಮ್ಮೆ ಹೆಣ್ಣುಮಕ್ಕಳೆಲ್ಲ ಕೂಡಿ ನಳ ಹಾಕಿಸಿಕೊಡಿರೆಂದು ವಾರ್ಡಿನ ಮೆಂಬರನ ಕಡೆ ಹೋದರೆ, ಆ ಮಹಾರಾಯ ವೋಟರ ಯಾದಿ ತಿರುವಿ ನೋಡಿ ನಕ್ಕುಬಿಟ್ಟ. “ಇದರಾಗ ನಿಮ್ಮ ಹೆಸರೇ ಇಲ್ಲಲ್ಲವ್ವಾ! ಎಲ್ಲಿ ವೋಟು ಹಾಕ್ತೀರಿ, ಅಲ್ಲೇ ಹೋಗಿ ನೀರು ಕೇಳ್ರಿ.” ಆ ನಗು ಮಲ್ಕಮ್ಮನ ಹೊಟ್ಟೆಯಲ್ಲಿ ಉಳಿಯಿತು.

ಎರಡು ಸಾವಿರದ ಇಸವಿ, ಪಂಚಾಯಿತಿ ಇಲೆಕ್ಷನ್. ಗೌಡರೇ ನಿಂತಿದ್ದರು. “ಈ ಸಲ ಹತ್ತಿಪ್ಪತ್ತು ವೋಟಿನಾಗ ಆಟ ಐತಿ. ಎಲ್ಲಾ ನಿನ್ನ ಮ್ಯಾಲೇ ಐತಿ ಭಾಗಪ್ಪ” ಎಂದಿದ್ದರು. ಭಾಗಪ್ಪ ಎದೆ ಮುಟ್ಟಿಕೊಂಡು ಮಾತು ಕೊಟ್ಟಿದ್ದ.

ವೋಟಿನ ದಿನ ಮುಂಜಾನೆ ಟೆಂಪೊ ಬಂತು, ಒಳಗೆ ಕಮಲಾಪುರದ ಕೆಂಪು ಬಾಳೆಯ ಗೊನೆ ಬೇರೆ. ಡ್ರೈವರ್ ಹಾರ್ನ್ ಹೊಡೆದದ್ದೇ ಹೊಡೆದದ್ದು, ಒಬ್ಬರೂ ಏಳಲಿಲ್ಲ. ಮಲ್ಕಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಂತಿದ್ದಳು.

“ಏಳ್ರಿ ಜಲ್ದಿ! ಗೌಡ್ರು ದಾರಿ ನೋಡ್ತಿರತಾರ” ಎಂದು ಭಾಗಪ್ಪ ಅವಸರ ಮಾಡಿದ.

“ನಮ್ಮ ಹೆಸರು ಅಲ್ಲಿಲ್ರಿ” ಎಂದಳು ಮಲ್ಕಮ್ಮ. “ದೀಪಾವಳಿ ಮುಂದ ಯಾದಿ ಬರಿಯೋ ಮಾಸ್ತರ ಬಂದಿದ್ರು. ಎಲ್ಲಾರೂ ಅಲ್ಲಿಂದ ಹೆಸರು ಕಡಿಸಿ ಇಲ್ಲಿ ಬರಸೀವಿ.”

ಹೊಸ ಯಾದಿಯನ್ನು ಭಾಗಪ್ಪ ನೋಡಿಯೇ ಇರಲಿಲ್ಲ, ಕಿಸೆಯಲ್ಲಿದ್ದದ್ದನ್ನು ಯಾರು ಎಣಿಸಿ ನೋಡುತ್ತಾರೆ? “ಗೌಡ್ರ ಮುಂದ ನನ್ನ ಮಾರಿ ಏನಾಗಬೇಕು?”

“ಮಾರಿ ತೊಳೀಲಿಕ್ಕರೆ ನೀರು ಬೇಕಲ್ಲರೀ.”

“ನನ್ನ ಹೆಸರೂ ಕಡಿಸೀಯೇನು?”

“ಇಲ್ಲ. ನಿಮ್ಮ ಹೆಸರು ನಿಮ್ಮದು. ಬರಸೋದಿದ್ರ ನೀವೇ ಬರಸ್ರಿ. ಅರ್ಜಿ ಟ್ರಂಕಿನಾಗ ಐತಿ.”

ಭಾಗಪ್ಪ ಬಾಳೆಗೊನೆಯ ಪಕ್ಕದಲ್ಲಿ ಒಬ್ಬನೇ ಕುಂತು ಕಮಲಾಪುರಕ್ಕೆ ಹೋದ. ದಾರಿಯುದ್ದಕ್ಕೂ ಸುಳ್ಳು ಹುಡುಕಿದ. ಮಂದಿಗೆ ಜ್ವರ ಅನ್ನಲೇ, ಮಿಲ್ಲಿನಲ್ಲಿ ರಜಾ ಕೊಡಲಿಲ್ಲ ಅನ್ನಲೇ? ವೋಟು ಹಾಕುವ ಸಾಲಿಯ ಗೇಟಿನ ಮುಂದೆ ನಿಂತಿದ್ದ ಗೌಡರ ಮುಖ ಕಂಡದ್ದೇ ತಡ, ಎಲ್ಲಾ ಮರೆತುಹೋಯಿತು.

“ಬರೂದಿಲ್ರಿ ಅವರು. ಹೈವೇ ದಾಟಿ ನೀರು ಹೊರತಾರ, ಅದಕ್ಕ ಹೆಸರು ಅಲ್ಲೇ ಬರಸ್ಯಾರ” ಎಂದುಬಿಟ್ಟ.

“ನಿನ್ನ ಕೆಲಸಕ್ಕ ಹಚ್ಚಿದವರು ಯಾರು?”

“ನೀವೇ ರೀ. ಅದನ್ನ ಮರೆತಿಲ್ಲಂತನೇ ನಾ ಒಬ್ಬನರೆ ಬಂದೀನಿ.”

ಗೌಡರು ಗೇಟಿನಿಂದ ಪಕ್ಕಕ್ಕೆ ಸರಿದರು. ಭಾಗಪ್ಪ ಅವರ ಗುರುತಿನ ಮೇಲೆಯೇ ಶಿಕ್ಕಾ ಒತ್ತಿ, ಬಸ್ಸು ಹಿಡಿದು ಬಂದ. ಗೌಡರು ಹನ್ನೊಂದು ವೋಟಿನಿಂದ ಸೋತರು.

ಎರಡು ದಿನ ಅವನಿಗೆ ರೊಟ್ಟಿ ಸೇರಲಿಲ್ಲ. ಮನೆಯಲ್ಲಿ ಯಾರೂ ಚುಚ್ಚಿ ಮಾತಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮೂರನೆಯ ದಿನ ಮಲ್ಕಮ್ಮನ ಕೈಯಿಂದ ಕೊಡ ಕಸಿದುಕೊಂಡು ತಾನೇ ನೀರಿಗೆ ಹೋದ. ಬರುವಾಗ ನಡುರಸ್ತೆಯಲ್ಲಿ ಲಾರಿಯೊಂದು ಮೈಮೇಲೆ ಬಂದ ಹಾಗೆ ಬಂತು. ಓಡಿ ದಾಟುವುದರೊಳಗೆ ಅರ್ಧ ನೀರು ಚೆಲ್ಲಿ ಅಂಗಿ ತೊಯ್ದಿತ್ತು. ಹದಿನೈದು ವರ್ಷ ಇವರು ದಿನಾ ಇದನ್ನು ದಾಟಿದರಲ್ಲ, ನಾನೊಬ್ಬ ಮೀಸೆ ತಿರುವುತ್ತ ಕುಂತೆನಲ್ಲ ಎಂದು ಅವನ ಕಣ್ಣು ತುಂಬಿತು. ಮರುದಿನ ಟ್ರಂಕು ತೆಗೆದ. ಯಾರಿಗೂ ಹೇಳದೆ ತಹಸೀಲ ಕಚೇರಿಗೆ ಹೋಗಿ ಬಂದ.

ಮುಂದೆ ಕಾರ್ಪೊರೇಶನ್ ಇಲೆಕ್ಷನ್ ಬಂದಾಗ, ಅಂದು ನಕ್ಕ ಮೆಂಬರನೇ ಕೈಯಲ್ಲಿ ನೋಟ್‌ಬುಕ್ ಹಿಡಿದು ತಗಡಿನ ಮನೆಗಳ ಮುಂದೆ ಬಂದು ನಿಂತ.

“ಇಲ್ಲಿ ವೋಟು ಎಷ್ಟು ಅದಾವವ್ವಾ?”

“ಮೂವತ್ತು” ಎಂದಳು ಮಲ್ಕಮ್ಮ.

“ಮೂವತ್ತೊಂದು ಬರಕೊಳ್ರಿ” ಎಂದು ಒಳಗಿನಿಂದ ದನಿ ಬಂತು. ಭಾಗಪ್ಪ ಬಾಗಿಲಲ್ಲಿ ನಿಂತಿದ್ದ. ಮಲ್ಕಮ್ಮ ತಿರುಗಿ ನೋಡಿದಳು, ಮೊರ ಕೈಯಲ್ಲೇ ಉಳಿಯಿತು.

ಮೆಂಬರ್ ಖುಷಿಯಾದ. “ನೀವೇ ಹಿರೇರೇನ್ರಿ? ಮೂವತ್ತೊಂದೂ ನಮಗೇ ಅಂತ ಹಿಡೀಲೇನು?”

ಭಾಗಪ್ಪನ ಕೈ ಹಳೇ ರೂಢಿಗೆ ಕಿಸೆಗೆ ಹೋಯಿತು. “ನನ್ನ ಕಡೆ ಒಂದೇ ಐತ್ರಿ. ಉಳಿದದ್ದು ಒಂದೊಂದು ಬಾಗಿಲ ಮುಂದ ನಿಂತು ಕೇಳ್ರಿ.”

ಮೆಂಬರ್ ಬೆವರು ಒರೆಸಿಕೊಂಡು ಮೊದಲನೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಅದು ಮಲ್ಕಮ್ಮನ ಬಾಗಿಲೇ.

“ಬರ್ರಿ, ಕುಂದರ್ರಿ” ಎಂದು ಅವಳು ಚಾಪೆ ಹಾಸಿದಳು. “ಕುಡೀಲಿಕ್ಕ ನೀರು ಕೊಡ್ಲೇನ್ರಿ? ಹೈವೇ ದಾಟಿ ತಂದದ್ದು ಐತಿ.”